ಒಪ್ಪತ್ತು, ಫಲಾಹಾರ ಮತ್ತು ಎರಡು ಚಪಾತಿ

ಈಚಿನ ವರ್ಷಗಳಲ್ಲಿ ನಮ್ಮ ಶಿವಮೊಗ್ಗದಲ್ಲಿ ನಾಲ್ಕು ಜನ ಹೆಂಗಸರು ಎಲ್ಲಿ ಸೇರಿದರೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಮದುವೆ ಮನೆಯಾಗಲಿ, ಗಾಂಧಿ ಬಜಾರಿನ ಬಟ್ಟೆ ಅಂಗಡಿಯಾಗಲಿ, ಶಾಲೆಯ ಸ್ಟಾಫ್ ರೂಮಾಗಲಿ, “ನಾನು ರಾತ್ರಿ ಅನ್ನ ಬಿಟ್ಟುಬಿಟ್ಟಿದೀನಿ ಕಣ್ರೀ, ಬರೀ ಎರಡು ಚಪಾತಿ” ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಆ ದನಿಯಲ್ಲಿ ಸ್ವಲ್ಪ ಹೆಮ್ಮೆ, ಸ್ವಲ್ಪ ಸಂಕಟ ಎರಡೂ ಇರುತ್ತವೆ. ಅನ್ನ ಬಿಡುವುದೆಂದರೆ ಮಲೆನಾಡಿನವರಿಗೆ ಸಣ್ಣ ತ್ಯಾಗವೇನಲ್ಲ.

ತೂಕ ಇಳಿಯಬೇಕಾದರೆ ರಾತ್ರಿ ಹಗುರವಾಗಿ ಉಣ್ಣಬೇಕು ಎಂಬುದು ಡಾಕ್ಟರುಗಳು ನಮಗೆ ಹೊಸದಾಗಿ ಕಲಿಸಿದ ಪಾಠವೆಂದು ನಾವು ಭಾವಿಸಿದ್ದೇವೆ. ಆದರೆ ಈ ಸೀಮೆಯಲ್ಲಿ ರಾತ್ರಿಯ ಊಟ ಹಗುರವಾಗಿದ್ದು ಇದೇ ಮೊದಲ ಸಲವಲ್ಲ. ಒಂದು ಕಾಲಕ್ಕೆ ಧರ್ಮ ಅದನ್ನು ಹಗುರ ಮಾಡಿತ್ತು. ಬಡತನ ಮಾಡಿತ್ತು, ಕಟ್ಟಳೆ ಮಾಡಿತ್ತು, ಒಮ್ಮೆ ದೇಶದ ಪ್ರಧಾನಮಂತ್ರಿಯೇ ಮಾಡಿದ್ದರು. ಯಾರ ಊಟ, ಯಾರ ಮಾತಿಗೆ ಹಗುರವಾಯಿತು ಎಂದು ಕೇಳುತ್ತಾ ಹೋದರೆ ಅದರಲ್ಲಿ ನಮ್ಮ ಅಡುಗೆ ಮನೆಗಳ ಒಂದು ಚರಿತ್ರೆಯೇ ಸಿಕ್ಕುತ್ತದೆ.

“ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ” ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಒಂದು ಹೊತ್ತಿನ ಊಟವೇ ‘ಒಪ್ಪತ್ತು’. ಶನಿವಾರದ ಒಪ್ಪತ್ತು, ಸೋಮವಾರದ ಒಪ್ಪತ್ತು ಎಂದು ಹರಕೆ ಹೊತ್ತವರು ಮಧ್ಯಾಹ್ನ ಉಂಡು ರಾತ್ರಿ ಫಲಾಹಾರ ಮಾಡುತ್ತಿದ್ದರು. ಬಿಡುವುದು ಯಾವಾಗಲೂ ರಾತ್ರಿಯ ಊಟವನ್ನೇ ಎಂಬುದನ್ನು ಗಮನಿಸಬೇಕು. ದುಡಿಮೆ ಹಗಲಿನದು, ಆದ್ದರಿಂದ ಅನ್ನವೂ ಹಗಲಿನದು ಎಂಬ ಲೆಕ್ಕ ಅದರ ಹಿಂದೆ ಇದ್ದೀತು. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಉಳಿದ ಒಂದು ಪಾಲು ಖಾಲಿ ಎಂದು ಆಯುರ್ವೇದ ಹೇಳಿತು. ರಾತ್ರಿ ಮೊಸರು ಬೇಡವೆಂದೂ ಹೇಳಿತು. ನಮ್ಮ ಕಡೆ ರಾತ್ರಿಗೆ ಮಜ್ಜಿಗೆ, ತಂಬುಳಿಗಳೇ ಹೆಚ್ಚು ಬಳಕೆಯಲ್ಲಿದ್ದುದಕ್ಕೂ ಅದಕ್ಕೂ ನಂಟಿರಬಹುದು.

ರಾತ್ರಿಯ ಊಟವನ್ನು ಪೂರ್ತಿಯಾಗಿ ಬಿಟ್ಟವರು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ಅವರ ನಿಯಮ. ದೀಪದ ಬೆಳಕಿಗೆ ಬರುವ ಹುಳುಹುಪ್ಪಟೆ ಸತ್ತಾವು ಎಂಬ ಅಹಿಂಸೆಯ ಕಾಳಜಿ ಅದರ ಮೂಲ. ಈ ನಿಯಮಕ್ಕೆ ನಮ್ಮ ಜಿಲ್ಲೆಯಲ್ಲೇ ಹಳೆಯ ನೆಲೆ ಇದೆ. ಹೊಸನಗರ ತಾಲ್ಲೂಕಿನ ಹುಂಚ, ಸಾಂತರ ಅರಸರ ಹೊಂಬುಜ. ಅಲ್ಲಿನ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ ಎಂಬ ರಾಣಿ. ಇಂದಿಗೂ ಜೈನರ ಮನೆಗಳಲ್ಲಿ ನಿಯಮ ಹಿಡಿದ ಹಿರಿಯರು ಸಂಜೆ ಆರರೊಳಗೆ ಊಟ ಮುಗಿಸಿ ಕೈ ತೊಳೆಯುತ್ತಾರೆ. ಉಳಿದವರಿಗೆ ಮುಸ್ಸಂಜೆಯಲ್ಲಿ ಉಣ್ಣುವುದೇ ನಿಷಿದ್ಧ. ದೀಪ ಹಚ್ಚಿ, ದೇವರಿಗೆ ಕೈ ಮುಗಿದು, ಆಮೇಲೆ ಎಲೆ ಹಾಕಬೇಕು. ಒಂದೇ ಊರಿನ ಅಕ್ಕಪಕ್ಕದ ಮನೆಗಳಲ್ಲಿ ಒಬ್ಬರಿಗೆ ಸೂರ್ಯ ಮುಳುಗುವ ಮುನ್ನ, ಇನ್ನೊಬ್ಬರಿಗೆ ಮುಳುಗಿದ ನಂತರ. ಇವತ್ತು ಡಾಕ್ಟರು “ಏಳು ಗಂಟೆಯೊಳಗೆ ಊಟ ಮುಗಿಸಿ” ಎಂದರೆ ಜೈನರ ಮನೆಯ ಹೆಣ್ಣುಮಕ್ಕಳಿಗೆ ನಗು ಬಂದೀತು.

ಇದು ತಾವಾಗಿ ಹಿಡಿದ ನಿಯಮ. ತಲೆಯ ಮೇಲೆ ಹೇರಿದ ನಿಯಮದ ಕಥೆ ಬೇರೆ.

ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿಗೆ ಒಪ್ಪತ್ತಿನ ಊಟವೇ ಗತಿಯಾಗಿತ್ತು. ಎಂಟು ಹತ್ತು ವರ್ಷದ ಹುಡುಗಿಯಾದರೂ ಅಷ್ಟೇ. ಮಧ್ಯಾಹ್ನ ಎಲ್ಲರದೂ ಆದ ಮೇಲೆ ಮಡಿಯಲ್ಲಿ ಒಂದು ಊಟ. ರಾತ್ರಿ ಅನ್ನ ಮುಟ್ಟುವಂತಿಲ್ಲ. ಅವಲಕ್ಕಿಗೆ ಮುಸುರೆಯಿಲ್ಲ ಎಂಬ ಲೆಕ್ಕದಲ್ಲಿ ಒಂದು ಹಿಡಿ ಅವಲಕ್ಕಿ, ಇದ್ದರೆ ಒಂದು ಬಾಳೆಹಣ್ಣು. ಏಕಾದಶಿಗೆ ಅದೂ ಇಲ್ಲ. ಬೆಳೆಯುವ ಹುಡುಗಿಯ ಹಸಿವನ್ನು ಹತ್ತಿಕ್ಕುವುದೇ ಆ ಕಟ್ಟಳೆಯ ಉದ್ದೇಶವಾಗಿತ್ತು. ಉಂಡ ಮೈ ತುಂಬಿಕೊಳ್ಳುತ್ತದೆ, ತುಂಬಿಕೊಂಡ ಮೈಗೆ ಆಸೆ ಹುಟ್ಟುತ್ತದೆ ಎಂಬ ಭಯ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಕಾದಂಬರಿ ಬರೆದು ಅಂಥ ಒಬ್ಬ ಬಾಲವಿಧವೆಯ ಬದುಕನ್ನು ನಮ್ಮ ಕಣ್ಣೆದುರಿಗೆ ತಂದರು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಿತ್ರ ಮಾಡಿದರು. ಓದಿದವರಿಗೆ, ನೋಡಿದವರಿಗೆ ಇದು ಮರೆಯುವ ಸಂಗತಿಯಲ್ಲ.

ನಮ್ಮ ಬಂಧುಗಳ ಮನೆಯಲ್ಲಿ ಅಂಥ ಅಜ್ಜಿಯೊಬ್ಬರನ್ನು ನಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ. ನಾವು ಮಕ್ಕಳೆಲ್ಲ ಬಿಸಿ ಅನ್ನಕ್ಕೆ ಸಾರು ಸುರಿದುಕೊಂಡು ಉಣ್ಣುವಾಗ ಅವರು ಮೂಲೆಯಲ್ಲಿ ಕೂತು ನೆನೆಸಿದ ಅವಲಕ್ಕಿಗೆ ಮಜ್ಜಿಗೆ ಹಾಕಿಕೊಳ್ಳುತ್ತಿದ್ದರು. “ಹಸಿವಾಗಲ್ವಾ ಅಜ್ಜಿ?” ಎಂದರೆ “ಅಭ್ಯಾಸ ಆಗಿದೆ ಪುಟ್ಟಿ” ಎನ್ನುತ್ತಿದ್ದರು. ಈಗ ಮನೆಯಲ್ಲಿ ತೂಕದ ಮಾತು ಬಂದಾಗ “ಆ ಅಜ್ಜಿ ನೋಡು, ಕಡ್ಡಿ ಹಾಗಿದ್ದರು, ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ” ಎಂದು ಹೊಗಳುವವರಿದ್ದಾರೆ. ಆ ತೆಳುವನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅದು ಅವರು ಆರಿಸಿಕೊಂಡ ಪಥ್ಯವಲ್ಲ, ಅವರಿಗೆ ವಿಧಿಸಿದ ಶಿಕ್ಷೆ.

ದುಡಿಯುವ ಜನರ ಮನೆಯಲ್ಲಿ ಇಂಥ ಶಾಸ್ತ್ರಗಳಿರಲಿಲ್ಲ. ಅಲ್ಲಿ ರಾತ್ರಿಯ ಊಟ ಎಷ್ಟೆಂಬುದನ್ನು ಅಕ್ಕಿಯ ಮಡಕೆ ತೀರ್ಮಾನ ಮಾಡುತ್ತಿತ್ತು. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ದಲ್ಲಿ ರಾಜಭೋಗದ ಅಡುಗೆಗಳ ವಿವರ ಇದೆ. ಅದೇ ಕೆಳದಿ ಸೀಮೆಯ ಗದ್ದೆಯಲ್ಲಿ ನಾಟಿ ಮಾಡಿ ಬಂದ ಹೆಂಗಸು ರಾತ್ರಿ ಏನು ಉಂಡಳೆಂದು ಯಾರೂ ಬರೆದಿಡಲಿಲ್ಲ. ಗಂಜಿ, ಒಂದು ಚೂರು ಉಪ್ಪಿನಕಾಯಿ, ಸುಟ್ಟ ಮೆಣಸಿನಕಾಯಿ. ಬಯಲ ಕಡೆಗೆ ಬಂದರೆ ಮುದ್ದೆ, ಸೊಪ್ಪಿನ ಬಸ್ಸಾರು. ಗಂಡಸರು, ಮಕ್ಕಳು ಉಂಡು ಉಳಿದದ್ದು ಅವಳ ಪಾಲು. ಉಳಿಯದಿದ್ದರೆ ಗಂಜಿಯ ತಿಳಿ.

ಹೊಟ್ಟೆ ಕಟ್ಟುವುದು ಇಡೀ ದೇಶದ ಕೆಲಸವಾದದ್ದೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ರೇಷನ್ ಬಂತು. ಅನ್ನದ ಜಾಗಕ್ಕೆ ಗೋಧಿ ರವೆ ನುಗ್ಗಿತು. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ರವೆ ಇಡ್ಲಿ ಮಾಡಿದ್ದು ಆ ಅಭಾವದಲ್ಲೇ ಎಂದು ಅವರೇ ಹೇಳಿಕೊಳ್ಳುತ್ತಾರೆ. 1965ರಲ್ಲಿ ಮಳೆ ಕೈಕೊಟ್ಟಿತು. ಪಾಕಿಸ್ತಾನದೊಡನೆ ಯುದ್ಧವೂ ಬಂತು. ಪಿ.ಎಲ್. 480 ಒಪ್ಪಂದದಂತೆ 1956ರಿಂದ ಬರುತ್ತಿದ್ದ ಅಮೆರಿಕದ ಗೋಧಿಯ ಮೇಲೆ ಹಂಗಿನ ಮಾತು ಎದ್ದಿತು. ಆಗ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಮೊದಲು ತಮ್ಮ ಮನೆಯಲ್ಲೇ ಒಂದು ರಾತ್ರಿ ಒಲೆ ಹಚ್ಚದೆ ನೋಡಿ, ಆಮೇಲೆ ಕೇಳಿದರಂತೆ. ಸೋಮವಾರದ ರಾತ್ರಿ ಊಟ ಬಿಡುವುದು ಊರೂರಲ್ಲೂ ವ್ರತದಂತೆ ನಡೆಯಿತು. ಆ ಸಂಜೆ ಹೋಟೆಲುಗಳೂ ಬಾಗಿಲು ಹಾಕುತ್ತಿದ್ದವು. ಸೋಮವಾರ ಮೊದಲೇ ಶಿವನ ವಾರ, ಒಪ್ಪತ್ತಿನ ವಾರ. ನಮ್ಮ ತಾಯಿಯಂಥವರಿಗೆ ಅದೇನೂ ಕಷ್ಟವೆನಿಸಲಿಲ್ಲ. “ಅವತ್ತು ಒಂದು ದಿನ ಗಂಡಸರೂ ನಮ್ಮ ಹಾಗೇ ಅರೆಹೊಟ್ಟೆ ಮಲಗಿದರು” ಎಂದು ಅಮ್ಮ ನಗುತ್ತಾ ಹೇಳುತ್ತಿದ್ದುದುಂಟು. ಆ ನಗುವಿನಲ್ಲಿದ್ದ ಮೊನೆ ನನಗೆ ತಿಳಿದದ್ದು ಬಹಳ ತಡವಾಗಿ.

ರೇಷನ್ ಗೋಧಿ ಹೀಗೆ ಮನೆ ಹೊಕ್ಕಿತು. ಮುಂದೆ ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು “ರಾತ್ರಿ ಅನ್ನ ಬೇಡ, ಚಪಾತಿ ತಿನ್ನಿ” ಎಂದದ್ದೇ, ಅಕ್ಕಿ ರೊಟ್ಟಿ, ಕಡುಬಿನ ನಾಡಿನಲ್ಲಿ ಚಪಾತಿ ಪಥ್ಯದ ಪಟ್ಟಕ್ಕೇರಿತು. ಆದರೆ ತೂಗಿ ನೋಡಿದರೆ ಅಕ್ಕಿಗೂ ಗೋಧಿ ಹಿಟ್ಟಿಗೂ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 100 ಕ್ಯಾಲೊರಿ. ಮೂವತ್ತು ಗ್ರಾಂ ಅಕ್ಕಿ ಬೇಯಿಸಿದರೂ ಹೆಚ್ಚುಕಡಿಮೆ ಅಷ್ಟೇ. ಚಪಾತಿಗೆ ಒಂದು ಟೀ ಚಮಚ ಎಣ್ಣೆ ಸವರಿದರೆ ಇನ್ನೊಂದು 45 ಸೇರಿತು. ನಾರಿನಂಶ ಗೋಧಿಯಲ್ಲಿ ಹೆಚ್ಚು, ಅದು ನಿಜ. ಆದರೂ ಚಪಾತಿಯ ಗುಟ್ಟು ಇರುವುದು ಎಣಿಕೆಯಲ್ಲಿ ಎಂದು ನನಗನ್ನಿಸುತ್ತದೆ. ಚಪಾತಿಯನ್ನು ಒಂದು, ಎರಡು ಎಂದು ಎಣಿಸಿ ತಿನ್ನುತ್ತೇವೆ. ಅನ್ನವನ್ನು ಯಾರೂ ಎಣಿಸಲಾರರು. “ಇನ್ನೊಂಚೂರು” ಎಂದು ಸೌಟು ಬಂದರೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಡಿಸಿಯೇ ಆಗಿರುತ್ತದೆ. ಇನ್ನು ನಮ್ಮ ‘ಫಲಾಹಾರ’ದ ಮಾತು ಹೇಳದಿರುವುದೇ ಲೇಸು. ಏಕಾದಶಿಯ ರಾತ್ರಿ ತುಪ್ಪದ ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣಿನ ರಸಾಯನ ಆದ ಮೇಲೆ ದ್ವಾದಶಿಯ ಊಟವೇ ಹಗುರ ಎನ್ನಿಸುತ್ತಿತ್ತು!

ಊಟದ ಹೊತ್ತು ಹಿಂದಕ್ಕೆ ಜರುಗಿದ ಕಥೆಯನ್ನು ಭದ್ರಾವತಿಯಲ್ಲಿ ನೋಡಬೇಕು. ಒಂದು ಕಾಲದ ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು; 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಉರಿಯುವ ಕುಲುಮೆಯನ್ನು ರಾತ್ರಿ ಆರಿಸಲಾಗುವುದಿಲ್ಲ, ಹಾಗಾಗಿ ಮೂರು ಪಾಳಿ. ಅಲ್ಲಿಯವರೆಗೆ ಸೂರ್ಯ ಹೇಳುತ್ತಿದ್ದ ಊಟದ ಹೊತ್ತನ್ನು ಸೈರನ್ ಹೇಳತೊಡಗಿತು. ಮಧ್ಯಾಹ್ನದ ಪಾಳಿಗೆ ಹೋದ ಗಂಡಸು ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತಿತ್ತು. ಹೆಂಡತಿ ಸಂಜೆ ಮಕ್ಕಳಿಗೆ ಬಡಿಸಿ, ಅವರ ಜೊತೆ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಹತ್ತೂವರೆಗೆ ಸಾರು ಬಿಸಿ ಮಾಡಿ ಗಂಡನ ಜೊತೆ ಮತ್ತೆ ಉಣ್ಣುತ್ತಿದ್ದಳು. ಒಬ್ಬಳಿಗೆ ಎರಡು ರಾತ್ರಿಯೂಟ. 1948ರಲ್ಲಿ ಜೋಗದ ವಿದ್ಯುತ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ದೀಪದೆಣ್ಣೆಯ ಉಳಿತಾಯಕ್ಕೆಂದು ಬೇಗ ಮಲಗುವ ಅಗತ್ಯ ನಿಧಾನವಾಗಿ ತಪ್ಪಿತು. 1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಬಂತು. ಎಂಬತ್ತರ ದಶಕದಲ್ಲಿ ಮನೆಗಳಿಗೆ ಟಿ.ವಿ. ಬಂತು, ಆಮೇಲೆ ಧಾರಾವಾಹಿ ಮುಗಿಯದೆ ತಟ್ಟೆ ಹಾಕದ ಕಾಲ ಬಂತು. ಈಗ ಕಾಗದದ ಕಾರ್ಖಾನೆ ನಿಂತಿದೆ, ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದಿನ ಸದ್ದಿಲ್ಲ. ಆದರೆ ಹತ್ತು ಗಂಟೆಯ ಊಟ ಮಾತ್ರ ಪಾಳಿಯಿಲ್ಲದ ಮನೆಗಳಲ್ಲೂ ಉಳಿದುಬಿಟ್ಟಿದೆ.

ಜೊತೆಗೆ ನಮ್ಮ ದುಡಿಮೆಯೂ ಬದಲಾಯಿತು. ಒರಳು, ಬೀಸುವ ಕಲ್ಲು, ಬಾವಿಯ ಹಗ್ಗ ಎಲ್ಲ ಹೋದವು. ಹೋದದ್ದು ಒಳ್ಳೆಯದೇ, ಅವುಗಳಿಗಾಗಿ ಅಳುವವರು ಅವನ್ನು ತಿರುಗಿಸದವರು. ಆದರೆ ಊಟ ಮಾತ್ರ ಒರಳು ತಿರುಗಿಸುವವಳ ಊಟವಾಗಿಯೇ ಉಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಮೂವತ್ತು ಹೆಂಗಸರು ಇರಬೇಕಾದ್ದಕ್ಕಿಂತ ಹೆಚ್ಚು ತೂಕದವರು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ನಮ್ಮ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮೈ ದಪ್ಪಗಿದ್ದ ಮಾತ್ರಕ್ಕೆ ಚೆನ್ನಾಗಿ ಉಂಡವಳು ಎಂದು ಅರ್ಥವಲ್ಲ.

ಹಾಗಾದರೆ ರಾತ್ರಿ ಹಗುರವಾಗಿ ಉಂಡರೆ ತೂಕ ಇಳಿಯುತ್ತದೆಯೇ? 2013ರಲ್ಲಿ ಇಸ್ರೇಲಿನ ಸಂಶೋಧಕರು ದಪ್ಪಗಿದ್ದ ಹೆಂಗಸರನ್ನು ಎರಡು ಗುಂಪು ಮಾಡಿ ಹನ್ನೆರಡು ವಾರ ದಿನಕ್ಕೆ 1400 ಕ್ಯಾಲೊರಿಯ ಆಹಾರ ಕೊಟ್ಟರು. ಒಂದು ಗುಂಪಿಗೆ ಬೆಳಿಗ್ಗೆ 700, ಮಧ್ಯಾಹ್ನ 500, ರಾತ್ರಿ 200. ಇನ್ನೊಂದಕ್ಕೆ ಬೆಳಿಗ್ಗೆ 200, ಮಧ್ಯಾಹ್ನ 500, ರಾತ್ರಿ 700. ಬೆಳಿಗ್ಗೆ ಹೆಚ್ಚು ಉಂಡವರು ಸರಾಸರಿ 8.7 ಕಿಲೋ ಇಳಿದರು, ರಾತ್ರಿ ಹೆಚ್ಚು ಉಂಡವರು 3.6 ಕಿಲೋ. ಆದರೆ 2022ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ ಮೂವತ್ತು ಜನರ ಮೇಲೆ ಇಂಥದೇ ಪರೀಕ್ಷೆ ನಡೆದಾಗ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬೆಳಿಗ್ಗೆ ಹೆಚ್ಚು ಉಂಡವರಿಗೆ ಹಸಿವಿನ ಕಾಟ ಕಡಿಮೆಯಾಯಿತು, ಅಷ್ಟೇ. ಇಡೀ ದಿನ ಒಟ್ಟು ಎಷ್ಟು ತಿಂದೆವು ಎಂಬುದೇ ಮುಖ್ಯ ಎಂದಾಯಿತು. ಹಗಲು ಸಂಭಾಳಿಸಿದಷ್ಟು ಚೆನ್ನಾಗಿ ದೇಹ ಸಕ್ಕರೆಯನ್ನು ರಾತ್ರಿ ಸಂಭಾಳಿಸಲಾರದೆಂಬುದು ಮಾತ್ರ ಖಚಿತವಾದ ಸಂಗತಿ.

ಈ ಎರಡು ಪರೀಕ್ಷೆಗಳಲ್ಲೂ ರಾತ್ರಿ ಕಡಿಮೆ ಉಂಡವರು ಹಗಲು ಹೊಟ್ಟೆ ತುಂಬ ಉಂಡಿದ್ದರು. ಒಪ್ಪತ್ತಿನ ಹರಕೆಯಲ್ಲೂ ಹಾಗೇ. ಮಧ್ಯಾಹ್ನದ ಊಟ ಪೂರ್ತಿಯಾಗಿರುತ್ತಿತ್ತು. ನಮ್ಮಲ್ಲಿ ಎಷ್ಟು ಜನ ಹಗಲು ಉಣ್ಣುತ್ತೇವೆ? ಬೆಳಿಗ್ಗೆ ಗಂಡ ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ನಿಂತೇ ಅರ್ಧ ದೋಸೆ. ಹನ್ನೊಂದಕ್ಕೆ ಕಾಫಿ. ಮಧ್ಯಾಹ್ನ ಆರಿದ ಚಿತ್ರಾನ್ನ. ಸಂಜೆ ತಡೆಯಲಾರದ ಹಸಿವಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಿನವೆಲ್ಲ ಸುತ್ತಿದ ಹೆಂಗಸು ನೆಮ್ಮದಿಯಾಗಿ ಕೂತು ಉಣ್ಣುವುದು ರಾತ್ರಿ ಒಂದೇ ಹೊತ್ತು. ಆ ಒಂದನ್ನೂ ಕಿತ್ತುಕೊಂಡು ಬೇರೇನೂ ಕೊಡದಿದ್ದರೆ ಅದು ಹಳೆಯ ಅವಲಕ್ಕಿ ಮಜ್ಜಿಗೆಯೇ, ಹೆಸರು ಮಾತ್ರ ಡಯಟ್. ಮೇಲಾಗಿ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಚೆಲ್ಲಲಾರದೆ ಹೊಟ್ಟೆಗೆ ಹಾಕಿಕೊಳ್ಳುವ ಕೆಲಸವೂ ಅವಳದೇ. ಎರಡು ಚಪಾತಿಯ ವ್ರತ ಮುರಿಯುವುದು ಅಲ್ಲೇ.

ಆದ್ದರಿಂದ ರಾತ್ರಿಯ ಊಟ ಹಗುರ ಮಾಡುವ ಕೆಲಸ ಬೆಳಿಗ್ಗೆಯೇ ಶುರುವಾಗಬೇಕು. ಬೆಳಿಗ್ಗೆ ಕೂತು ತಿನ್ನಿ. ಮಧ್ಯಾಹ್ನ ಕಾಳು, ಸೊಪ್ಪು, ಒಂದು ಮೊಟ್ಟೆಯೋ ಮೊಸರೋ ಇರುವ ಊಟ ಮಾಡಿ. ರಾತ್ರಿ ಎಂಟರೊಳಗೆ ಮಕ್ಕಳ ಜೊತೆಗೇ ನಿಮ್ಮ ತಟ್ಟೆಯನ್ನೂ ಹಾಕಿಕೊಳ್ಳಿ. ಒಂದು ಸೌಟು ಅನ್ನವೇ ಇರಲಿ, ಅದರ ಎರಡರಷ್ಟು ಪಲ್ಯ ಇರಲಿ. ತಡವಾಗಿ ಬರುವವರು ಸಾರು ಬಿಸಿ ಮಾಡಿಕೊಳ್ಳುವುದನ್ನು ಕಲಿತರೆ ಅವರಿಗೂ ಒಳ್ಳೆಯದು. ಉಳಿದದ್ದನ್ನು ಫ್ರಿಜ್ಜಿಗೆ ಹಾಕಿ, ಇಲ್ಲವೇ ನಾಳೆ ಒಂದು ಪಾವು ಕಡಿಮೆ ಅಕ್ಕಿ ಹಾಕಿ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ರಾತ್ರಿಯ ಊಟ ಬಿಡಬಾರದು. ನಿದ್ದೆಯಲ್ಲಿ ಸಕ್ಕರೆ ಇಳಿದರೆ ಪ್ರಾಣಕ್ಕೇ ಅಪಾಯ.

ಯೋಗಿ, ಭೋಗಿ, ರೋಗಿ ಎಂದು ಗಾದೆ ಮಾಡಿದವರು ಮೂರಕ್ಕೂ ಗಂಡಸನ್ನೇ ಕೂರಿಸಿದರು. ಬಡಿಸುವವಳು ಎಷ್ಟು ಹೊತ್ತು ಉಂಡಳು ಎಂಬುದು ಆ ಲೆಕ್ಕದಲ್ಲಿ ಬರಲೇ ಇಲ್ಲ. ಆ ಲೆಕ್ಕವನ್ನು ಇನ್ನು ಮುಂದೆ ನಾವೇ ಇಡಬೇಕು.