ಸಡಿಲ ಮತ್ತು ಕಟ್ಟುನಿಟ್ಟಿನ ಸಮತೆ (ಜಾವಾಸ್ಕ್ರಿಪ್ಟ್)

ಸಡಿಲ ಸಮತೆ (==) ಮತ್ತು ಕಟ್ಟುನಿಟ್ಟಿನ ಸಮತೆ (===) ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಎರಡು ಮೌಲ್ಯಗಳನ್ನು ಹೋಲಿಸುವ ಚಿಹ್ನೆಗಳು. ದತ್ತಾಂಶ ಪ್ರಕಾರಗಳು ಬೇರೆಯಾಗಿದ್ದರೆ ಸಡಿಲ ಸಮತೆಯು ಅವನ್ನು ಪರಿವರ್ತಿಸಿ ಹೋಲಿಸುತ್ತದೆ. 1999ರ ಎಕ್ಮಾಸ್ಕ್ರಿಪ್ಟ್ 3ನೇ ಆವೃತ್ತಿಯಲ್ಲಿ ಸೇರ್ಪಡೆಯಾದ ಕಟ್ಟುನಿಟ್ಟಿನ ಸಮತೆಯು ಪರಿವರ್ತಿಸುವುದಿಲ್ಲ. ಆದ್ದರಿಂದ "5" == 5 ನಿಜ, "5" === 5 ಸುಳ್ಳು. ಕನ್ನಡ ಅಂಕಿಯು ಸಂಖ್ಯೆಯಾಗಿ ಪರಿವರ್ತನೆಯಾಗದ ಕಾರಣ "೫" == 5 ಕೂಡ ಸುಳ್ಳು.

ಕನ್ನಡ ಪಠ್ಯದ ಹೋಲಿಕೆ

ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಿಯಾಗಿ ದಾಖಲಿಸಬಹುದು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ತಾಲ್ಲೂಕು ಹೆಸರುಗಳ ಪೈಕಿ ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳಲ್ಲಿ ಒಕಾರವಿದೆ. ಎರಡು ರೂಪಗಳೂ ಕಣ್ಣಿಗೆ ಒಂದೇ; ಆದರೆ == ಮತ್ತು === ಎರಡೂ ಅವನ್ನು ಬೇರೆಯೆಂದೇ ಪರಿಗಣಿಸುತ್ತವೆ. ಹೀಗಾಗಿ ಪಟ್ಟಿಯಲ್ಲಿರುವ ಊರೂ ಹುಡುಕಾಟದಲ್ಲಿ ಸಿಗದೆ ಹೋಗಬಹುದು. ಹೋಲಿಕೆಗೆ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಲು 2015ರ ಆವೃತ್ತಿಯಿಂದ ‘ನಾರ್ಮಲೈಸ್’ ವಿಧಾನ ಲಭ್ಯವಿದೆ.