ದೇಶನೂರಿನ ಅರುಳಪ್ಪನವರ ಮಠ

ಕಿತ್ತೂರು ಬಿದ್ದು, ರಾಣಿ ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣುಮುಚ್ಚಿದಳು. ಆ ಹೊತ್ತಿಗಾಗಲೇ ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ನೆಲೆಯೂರಿದ್ದ. ಅವನು ಕೆಲಸ ಆರಂಭಿಸಿದ್ದು 1820ರಲ್ಲಿ. 1837ರಲ್ಲಿ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದರು. ಈ ಮೊದಲ ಪಾದ್ರಿಗಳ ಉಪದೇಶದ ಭಾರವೆಲ್ಲ ಪಾಪದ ಮೇಲೆ. ಮನುಷ್ಯ ಬಿದ್ದವನು, ಅವನನ್ನು ಎತ್ತಬೇಕು. ಎದೆಯ ಮೇಲೆ ಇಷ್ಟಲಿಂಗ ಧರಿಸಿ, ಕಾಯವನ್ನೇ ಗುಡಿಯೆಂದು ಬಗೆದ ಶರಣರ ನಾಡಿನಲ್ಲಿ ಆ ಮಾತು ಅರ್ಧ ಕಥೆಯಂತೆ ಕೇಳಿಸಿದ್ದರೆ ಸೋಜಿಗವೇನಿಲ್ಲ.

ಉಳಿದರ್ಧವೂ ಅವರು ತಂದ ಗ್ರಂಥದಲ್ಲೇ ಇತ್ತು. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಬೈಬಲ್ಲಿನ ಮೊದಲ ಅಧ್ಯಾಯ ಹೇಳುತ್ತದೆ. ಮಣ್ಣಿನಿಂದ ರೂಪಿಸಿ ಜೀವಶ್ವಾಸ ಊದಿದನೆಂದು ಎರಡನೆಯದು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ದೇಹವನ್ನು ಪವಿತ್ರಾತ್ಮನ ಆಲಯ ಎಂದ. ಆತ್ಮ ಕಳಚಿ ಎಸೆಯುವ ಹಳೆ ಅಂಗಿಯಲ್ಲ ಅದು.

1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಈ ಅರ್ಧವನ್ನು ಮುನ್ನೆಲೆಗೆ ತಂದಿತು. ಮನುಷ್ಯ ದೇಹಾತ್ಮಗಳ ಒಂದೇ ಇಡಿ, ದೇಹವನ್ನು ಹೀಗಳೆಯುವುದು ಸಲ್ಲದು, ಒಂಟಿಯಾಗಿ ಬಾಳಲೆಂದು ಯಾರನ್ನೂ ದೇವರು ಸೃಷ್ಟಿಸಲಿಲ್ಲ ಎಂದು 1965ರ ಡಿಸೆಂಬರ್ 7ರಂದು ಸಾರಿತು. 1969ರಲ್ಲಿ ಭಾರತದ ಕಥೋಲಿಕರ ಪೂಜೆಗೆ ಆರತಿ, ಪಂಚಾಂಗ ಪ್ರಣಾಮ, ನೆಲದ ಮೇಲೆ ಕುಳಿತುಕೊಳ್ಳುವ ರೂಢಿ ಇವಕ್ಕೆಲ್ಲ ರೋಮ್ ಒಪ್ಪಿಗೆ ಕೊಟ್ಟಿತು. ದೇಹಕ್ಕೆ ಬೆಲೆಯಿದ್ದಲ್ಲಿ ಅದು ಹೇಗೆ ಕೂರುತ್ತದೆ, ಹೇಗೆ ಬಾಗುತ್ತದೆ ಎಂಬುದಕ್ಕೂ ಬೆಲೆಯುಂಟಲ್ಲ!

ಹೀಗೆ ತೆರೆದ ದಾರಿಯಲ್ಲಿ ಗೋವೆಯ ಯೇಸುಸಭೆಯವರು ಬೈಲಹೊಂಗಲ ಸೀಮೆಯ ದೇಶನೂರಿಗೆ ಬಂದರು. ಅರ್ಮಾಂಡ್ ಆಲ್ವಾರಿಸ್ ಎಂಬ ಪಾದ್ರಿ ಅಲ್ಲಿ ಕಟ್ಟಿಸಿದ ಗುಡಿಗೆ ಸ್ನಾನಿಕ ಅರುಳಪ್ಪನವರ, ಅಂದರೆ ಸ್ನಾನಿಕ ಯೋಹಾನನ, ವಿರಕ್ತ ಮಠವೆಂದೇ ಹೆಸರಾಯಿತು. ಪಾದ್ರಿಗಳು ಕಾವಿ ಉಟ್ಟರು, ಮಾಂಸ ಬಿಟ್ಟರು, ಜನರ ಬಾಯಲ್ಲಿ ಸ್ವಾಮಿಗಳಾದರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹದಿನೇಳನೆಯ ಶತಮಾನದಲ್ಲೇ ಕಾವಿ ಉಟ್ಟಿದ್ದ. ಆದರೆ ಅವನ ಕಣ್ಣು ಬ್ರಾಹ್ಮಣರ ಮೇಲಿತ್ತು. ಇವರು ಬಂದದ್ದು ಶರಣರ ಪರಂಪರೆಯ ಒಕ್ಕಲು ಮಕ್ಕಳ ನಡುವೆ.

ಎರಡು ನಂಬಿಕೆಗಳು ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ಸಾವಿನಲ್ಲಿ ಕಾಣುತ್ತದೆ. ಲಿಂಗಾಯತರು ತೀರಿಕೊಂಡವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಕ್ರೈಸ್ತರೂ ಮಣ್ಣು ಕೊಡುವವರೇ, ಆದರೆ ಮಲಗಿಸಿ. ಕುಳಿತವನು ಲಿಂಗೈಕ್ಯನಾದ, ಅವನ ಪಯಣ ಮುಗಿಯಿತು. ಮಲಗಿದವನು ಕಡೆಯ ದಿನ ದೇಹಸಮೇತ ಏಳಬೇಕಾದವನು. ಅಂಗ ಲಿಂಗದಲ್ಲಿ ಸಮರಸವಾಗಿ ಎರಡೆಂಬುದು ಅಳಿಯಬೇಕೆಂದು ಶರಣರು ಬಯಸಿದರು. ಕ್ರೈಸ್ತ ದರ್ಶನದಲ್ಲಿ ಸ್ವರ್ಗದಲ್ಲೂ ಸೃಷ್ಟಿಕರ್ತ ಬೇರೆ, ಸೃಷ್ಟಿ ಬೇರೆ. ಮನುಷ್ಯ ದೇವರ ಪ್ರತಿರೂಪವೇ ಹೊರತು ದೇವರ ತುಣುಕಲ್ಲ. ಪ್ರೀತಿಗೆ ಇಬ್ಬರು ಬೇಕೆಂಬುದು ಆ ಕಡೆಯ ವಾದ. ಕಾವಿಯೊಂದರಿಂದ ಈ ಅಂತರ ಮುಚ್ಚುವಂಥದಲ್ಲ. ಮುಚ್ಚಬೇಕಾದ್ದೂ ಇಲ್ಲ ಎಂದು ನನ್ನ ಎಣಿಕೆ.

2019ರಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷ ಡೆರೆಕ್ ಫರ್ನಾಂಡಿಸ್ ಕಾವಿ ಹೊದ್ದು ದೇಶನೂರಿನಲ್ಲಿ ಬಲಿಪೂಜೆ ಅರ್ಪಿಸಿದಾಗ ದೂರದೂರುಗಳ ಕೆಲವು ಕಥೋಲಿಕರು ಸಿಡಿಮಿಡಿಗೊಂಡರು. ನನ್ನ ಕಣ್ಣಿಗೆ ಬಿದ್ದ ಆಕ್ಷೇಪಗಳೆಲ್ಲ ಬಟ್ಟೆಯ ಬಣ್ಣದ ಸುತ್ತಲೇ ಸುತ್ತಿದವು.