ಬಕ್ಸಾ ಬೆಟ್ಟದ ಹಳೆಯ ದಾರಿ

ಪಶ್ಚಿಮ ಬಂಗಾಳದ ಉತ್ತರದ ಅಂಚಿನಲ್ಲಿ, ಅಲಿಪುರ್‌ದ್ವಾರ್ ಜಿಲ್ಲೆಯ ಬಯಲು ಮುಗಿದು ಭೂತಾನದ ಬೆಟ್ಟಗಳು ಏಳುವಲ್ಲಿ ಬಕ್ಸಾ ಕೋಟೆಯಿದೆ. ಸಮುದ್ರಮಟ್ಟದಿಂದ ಅದರ ಎತ್ತರ 867 ಮೀಟರ್. ಸಿಂಚುಲಾ ಸಾಲಿನ ಬುಡದಲ್ಲಿರುವ ಸಾಂತಲಾಬಾರಿಯಿಂದ ಸುಮಾರು ಐದು ಕಿಲೋಮೀಟರ್ ಏರಿದರೆ ಕೋಟೆ ಸಿಗುತ್ತದೆ. ಇನ್ನೂ ಮೇಲೆ ಹೋದರೆ ಲೇಪ್ಚಾಖಾ ಎಂಬ ಡುಕ್ಪಾ ಜನರ ಹಳ್ಳಿ. ಇಂದು ಬೆನ್ನುಚೀಲ, ದುರ್ಬೀನು ಹೊತ್ತವರು ಹತ್ತುವ ಈ ದಾರಿ ಚಾರಣಕ್ಕೆಂದು ಹುಟ್ಟಿದ್ದಲ್ಲ. ವ್ಯಾಪಾರಿಗಳು, ಸಿಪಾಯಿಗಳು, ಕೈದಿಗಳು, ದೇಶ ಬಿಟ್ಟು ಬಂದ ಭಿಕ್ಷುಗಳು ನಡೆದು ಸವೆಸಿದ ಮೇಲಷ್ಟೇ ಅದು ಪ್ರವಾಸಿಗರ ಪಾಲಿಗೆ ಬಂದಿತು.

ಭೂತಾನದಿಂದ ಬಯಲಿಗೆ ಇಳಿಯುವ ಇಂಥ ಕಣಿವೆದಾರಿಗಳು, ಅಂದರೆ ದ್ವಾರ್‌ಗಳು, ಒಟ್ಟು 18. ಬಂಗಾಳದ ಕಡೆಗೆ 11, ಅಸ್ಸಾಮಿನ ಕಡೆಗೆ 7. ಬಕ್ಸಾ ದಾರಿ ಕೂಚ್ ಬೆಹಾರಿಗೂ ಅದರಾಚೆ ರಂಗಪುರದ ಪೇಟೆಗೂ ಹೋಗುತ್ತಿತ್ತು. ಗಿಡ್ಡ ಬೆಟ್ಟಗುದುರೆ, ಕಸ್ತೂರಿ, ಕಂಬಳಿ, ಕಿತ್ತಳೆ ಕೆಳಗಿಳಿದರೆ ನೀಲಿ, ಹತ್ತಿಬಟ್ಟೆ, ಒಣಮೀನು ಮೇಲೇರುತ್ತಿದ್ದವು. 1772ರಲ್ಲಿ ಕೂಚ್ ಬೆಹಾರಿನ ಗದ್ದುಗೆ ಜಗಳಕ್ಕೆ ಭೂತಾನ ಕೈಹಾಕಿದಾಗ ಈಸ್ಟ್ ಇಂಡಿಯಾ ಕಂಪನಿಯ ಪಡೆ ನಡುವೆ ಬಂದಿತು. 1774ರಲ್ಲಿ ಒಪ್ಪಂದವಾಯಿತು. ಅದೇ ವರ್ಷ ವಾರನ್ ಹೇಸ್ಟಿಂಗ್ಸ್ ಕಳುಹಿಸಿದ ಜಾರ್ಜ್ ಬೋಗಲ್ ಇದೇ ದಾರಿಯಲ್ಲಿ ಭೂತಾನಕ್ಕೂ ಮುಂದೆ ಟಿಬೆಟಿಗೂ ಹೋದ. 1783ರಲ್ಲಿ ಸ್ಯಾಮ್ಯುಯೆಲ್ ಟರ್ನರ್ ಹಿಂಬಾಲಿಸಿದ. ಅವನ ತಂಡದಲ್ಲಿದ್ದ ಸ್ಯಾಮ್ಯುಯೆಲ್ ಡೇವಿಸ್ ಬರೆದ ಚಿತ್ರಗಳು ಆ ಕಾಲದ ಭೂತಾನವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ವ್ಯಾಪಾರಕ್ಕೆಂದು ಹೊರಟ ಈ ಪಯಣಗಳನ್ನು ಬಕ್ಸಾದ ಮೊದಲ ಪ್ರವಾಸಕಥನಗಳೆಂದು ಕರೆದರೂ ತಪ್ಪಾಗದು.

ನೆರೆಹೊರೆಯ ಈ ನಯ ಬಹುಕಾಲ ಉಳಿಯಲಿಲ್ಲ. 1864ರ ಕೊನೆಯಲ್ಲಿ ಬ್ರಿಟಿಷರಿಗೂ ಭೂತಾನಕ್ಕೂ ಯುದ್ಧ ಶುರುವಾಯಿತು. 1865ರ ನವೆಂಬರ್ 11ರ ಸಿಂಚುಲಾ ಒಪ್ಪಂದದಿಂದ ದ್ವಾರ್‌ಗಳೆಲ್ಲ ಬ್ರಿಟಿಷರ ಕೈಸೇರಿದವು. ಬದಲಿಗೆ ಭೂತಾನಕ್ಕೆ ವರ್ಷಾಶನ ಗೊತ್ತಾಯಿತು. ಬಿದಿರು-ಮರಗಳ ಹಳೆಯ ಕೋಟೆಯಿದ್ದ ಜಾಗದಲ್ಲಿ ಕಲ್ಲಿನ ಕೋಟೆ ಎದ್ದಿತು.

ಕೆಳಗಿನ ಬಯಲನ್ನು ಚಹಾ ತೋಟಗಳು ಆಕ್ರಮಿಸಿದರೆ ಬೆಟ್ಟದ ಬುಡದ ಕಾಡನ್ನು ಅರಣ್ಯ ಇಲಾಖೆ ತನ್ನದಾಗಿಸಿಕೊಂಡಿತು. ಅದಕ್ಕೆ ಬೇಕಿದ್ದದ್ದು ಸಾಲ್ ಮರ, ಮುಖ್ಯವಾಗಿ ರೈಲು ಹಳಿಯ ದಿಮ್ಮಿಗಾಗಿ. ಕಾಡಿಗೆ ಬೆಂಕಿಯೇ ಶತ್ರುವೆಂದು ನಂಬಿದ ಅಧಿಕಾರಿಗಳು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ತಡೆದು, ದಶಕಗಟ್ಟಲೆ ಕಿಚ್ಚು ಬೀಳದಂತೆ ಕಾದರು. ಆದದ್ದು ತಿರುಗುಮುರುಗು. ನೆಲದ ಪೊದೆ, ಬಳ್ಳಿ ದಟ್ಟವಾಗಿ ಹಬ್ಬಿ ಸಾಲ್ ಸಸಿ ತಲೆಯೆತ್ತದಾಯಿತು. ಕೊನೆಗೆ ಇಲಾಖೆ ಬರ್ಮಾದ ಟಾಂಗ್ಯಾ ಪದ್ಧತಿಯ ಮೊರೆಹೋಯಿತು: ಕಾಡಿನ ತುಂಡೊಂದನ್ನು ಕಡಿದು ಸುಡುವುದು, ಸಾಲ್ ಬೀಜದ ಸಾಲುಗಳ ನಡುವೆ ಕೆಲವು ವರ್ಷ ಬೆಳೆ ತೆಗೆಯುವುದು, ಸಸಿ ಬಲಿತ ಮೇಲೆ ಮುಂದಿನ ತುಂಡಿಗೆ ಹೋಗುವುದು. ನಿಷೇಧಿಸಿದ್ದ ಕುಮರಿಯೇ ಹೀಗೆ ಸರ್ಕಾರಿ ಮುದ್ರೆಯೊಂದಿಗೆ ವಾಪಸಾಯಿತು. ಕೆಲಸಕ್ಕಾಗಿ ರಾಭಾ, ಮೇಚ್, ಒರಾಂವ್, ನೇಪಾಳಿ ಕುಟುಂಬಗಳನ್ನು ಕಾಡಿನೊಳಗೆ ನೆಲೆಗೊಳಿಸಲಾಯಿತು. ತುಂಡು ನೆಲಕ್ಕೆ ಪ್ರತಿಯಾಗಿ ಅವರು ಇಲಾಖೆಗೆ ಬಿಟ್ಟಿ ದುಡಿಯಬೇಕಿತ್ತು. ಇಂದಿನ ವನಗ್ರಾಮಗಳ ಮೂಲ ಇದು.

ಈ ಪದ್ಧತಿಯನ್ನು ಉತ್ತರ ಬಂಗಾಳದಲ್ಲಿ ಬೇರೂರಿಸಿದವರಲ್ಲಿ ಇ. ಓ. ಶೆಬ್ಬಿಯರ್ ಎಂಬ ಅರಣ್ಯಾಧಿಕಾರಿಯೂ ಒಬ್ಬ. ಹಕ್ಕಿ ಮತ್ತು ಚಾರಣದ ಚರಿತ್ರೆ ಎರಡರಲ್ಲೂ ಅವನ ಹೆಸರಿದೆ. 1924 ಮತ್ತು 1933ರ ಎವರೆಸ್ಟ್ ಯಾತ್ರೆಗಳಲ್ಲಿ ಸಾಮಾನು ಸಾಗಣೆಯ ಹೊಣೆ ಹೊತ್ತವನು ಅವನೇ. ಇಂಗ್ಲಿಸ್, ಟ್ರಾವರ್ಸ್, ಓಡೊನೆಲ್ ಎಂಬುವರೊಡನೆ ಅವನು ಸಿದ್ಧಪಡಿಸಿದ ಜಲ್ಪಾಯ್‌ಗುಡಿ ಜಿಲ್ಲೆಯ ಕಶೇರುಕಗಳ ಪಟ್ಟಿ 1920ರ ಆಸುಪಾಸಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಕ್ಸಾ ಆಗ ಅದೇ ಜಿಲ್ಲೆಗೆ ಸೇರಿತ್ತು. ಅಲಿಪುರ್‌ದ್ವಾರ್ ಬೇರೆ ಜಿಲ್ಲೆಯಾದದ್ದು 2014ರಲ್ಲಿ.

1930ರ ದಶಕದ ಆರಂಭದಲ್ಲಿ ಕೋಟೆ ಬಂದೀಖಾನೆಯಾಯಿತು. ಸುತ್ತ ಕಾಡು, ಕೆಳಗೆ ಮಲೇರಿಯಾದ ಬಯಲು, ವರ್ಷಕ್ಕೆ ಕೆಲವು ಸಾವಿರ ಮಿಲಿಮೀಟರ್ ಸುರಿಯುವ ಮಳೆ, ತಪ್ಪಿಸಿಕೊಂಡರೂ ಹೋಗುವುದೆಲ್ಲಿಗೆ? ಅನುಶೀಲನ ಸಮಿತಿ, ಯುಗಾಂತರ ಗುಂಪುಗಳ ಕ್ರಾಂತಿಕಾರಿಗಳನ್ನು ವಿಚಾರಣೆಯಿಲ್ಲದೆ ಇಲ್ಲಿಟ್ಟರು. 1931ರಲ್ಲಿ ಬಂದಿಗಳು ಒಳಗೇ ರವೀಂದ್ರನಾಥ ಠಾಕೂರರ ಎಪ್ಪತ್ತನೆಯ ಹುಟ್ಟುಹಬ್ಬ ಆಚರಿಸಿ ಅಭಿನಂದನೆ ಕಳುಹಿಸಿದರು. ಕವಿ ಪದ್ಯದಲ್ಲೇ ಉತ್ತರಿಸಿದರು. ಆ ಪತ್ರವ್ಯವಹಾರವನ್ನು ಕೋಟೆಯಲ್ಲಿ ಕಲ್ಲಿನ ಫಲಕಗಳ ಮೇಲೆ ಕೆತ್ತಲಾಗಿದೆ. ಸ್ವಾತಂತ್ರ್ಯ ಬಂದ ಮೇಲೂ ಸೆರೆಮನೆ ಖಾಲಿಯಾಗಲಿಲ್ಲ. ಕಮ್ಯುನಿಸ್ಟರನ್ನು ಇಲ್ಲಿಗೆ ತಂದರು, ಅವರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರೂ ಇದ್ದರು.

1959ರಲ್ಲಿ ಬಂದವರು ಕೈದಿಗಳಲ್ಲ. ದಲಾಯಿ ಲಾಮಾ ಭಾರತಕ್ಕೆ ಬಂದ ಬೆನ್ನಿಗೆ ಟಿಬೆಟಿನ ನಿರಾಶ್ರಿತರು ಗಡಿ ದಾಟಿದರು. ಬಹುಪಾಲು ಜನರನ್ನು ಬೆಟ್ಟದ ರಸ್ತೆ ಕೆಲಸಕ್ಕೆ ಹಚ್ಚಲಾಯಿತು. ಶಾಸ್ತ್ರಾಭ್ಯಾಸ ಕಡಿದುಹೋಗಬಾರದೆಂದು ಸೇರಾ, ಡ್ರೆಪುಂಗ್, ಗಾಂದೆನ್ ಮೊದಲಾದ ಮಠಗಳ ಸುಮಾರು 1,500 ಭಿಕ್ಷುಗಳಿಗೆ ಬಕ್ಸಾದಲ್ಲಿ ಜಾಗ ಕೊಟ್ಟರು. ಬಂದಿಗಳಿದ್ದ ಕಟ್ಟಡಗಳಲ್ಲಿ ಪಾಠ ನಡೆಯಿತು; ಅಂಗಳದಲ್ಲಿ ಅಂಗೈ ತಟ್ಟಿ ಪ್ರಶ್ನೆ ಎಸೆಯುವ ಅವರ ತರ್ಕವಾದ ನಿಲ್ಲಲಿಲ್ಲ. ಗಾಂಧಿ, ನೆಹರೂ ಇಲ್ಲೇ ಸೆರೆಯಲ್ಲಿದ್ದರೆಂಬ ಮಾತೂ ಭಿಕ್ಷುಗಳ ನಡುವೆ ಹರಡಿತ್ತು. ಅದಕ್ಕೆ ಆಧಾರವಿಲ್ಲ, ಇಬ್ಬರೂ ಬಕ್ಸಾದ ಕೈದಿಗಳಾಗಿರಲಿಲ್ಲ. ಎತ್ತರದ ಒಣಹವೆಗೆ ಒಗ್ಗಿದ ದೇಹಗಳಿಗೆ ಇಲ್ಲಿನ ಸೆಕೆ, ತೇವ ಸಹಿಸಲಾಗದಾಯಿತು. ಇಕ್ಕಟ್ಟಿನ ವಾಸದಲ್ಲಿ ಕ್ಷಯ ಹಬ್ಬಿ ಅನೇಕರು ತೀರಿಕೊಂಡರು. ಮುಂದೆ ಪಶ್ಚಿಮದ ದೇಶಗಳಲ್ಲಿ ಹೆಸರಾದ ಲಾಮಾ ಯೇಶೆ, ಲಾಮಾ ಜೋಪಾ ಗುರುಶಿಷ್ಯರು ಈ ಶಿಬಿರದಲ್ಲಿದ್ದವರು.

ಶಿಬಿರ ಹತ್ತು ವರ್ಷ ನಡೆಯಿತು. ಮೈಸೂರು ರಾಜ್ಯ ಅಷ್ಟರಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟಿತ್ತು. 1969-70ರ ಸುಮಾರಿಗೆ ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳು ದಕ್ಷಿಣಕ್ಕೆ ಹೊರಟರು: ಸೇರಾದವರು ಬೈಲಕುಪ್ಪೆಗೆ, ಡ್ರೆಪುಂಗ್ ಮತ್ತು ಗಾಂದೆನ್‌ನವರು ಮುಂಡಗೋಡಿಗೆ. ಅಲ್ಲಿ ಮೊದಲು ಕಾಡು ಸವರಿ ಜೋಳ ಬಿತ್ತಬೇಕಾಯಿತು. ಇಂದು ಕರ್ನಾಟಕದ ಶಾಲಾ ಪ್ರವಾಸಗಳು ನೋಡಿಬರುವ ದೊಡ್ಡ ವಿಹಾರಗಳ ಹಿಂದೆ ಬಕ್ಸಾದ ಆ ಹತ್ತು ವರ್ಷಗಳಿವೆ.

ಕೋಟೆ ಪಾಳುಬಿದ್ದಿತು, ಕಾಡಿಗೆ ಬೇರೆ ಬೆಲೆ ಬಂದಿತು. 1983ರಲ್ಲಿ ಬಕ್ಸಾ ಹುಲಿ ಮೀಸಲು ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 760 ಚದರ ಕಿಲೋಮೀಟರ್. ಜಯಂತಿ ನದಿಯ ಬಳಿಯ ಡಾಲೊಮೈಟ್ ಗಣಿಗಳು ಮುಚ್ಚಿದವು, ಮರ ಮತ್ತು ಖನಿಜ ಸಾಗಿಸುತ್ತಿದ್ದ ರೈಲೂ ನಿಂತಿತು. ಹಳೆಯ ಸೇತುವೆಯ ಕಂಬಗಳು ನದಿ ತಂದು ಸುರಿದ ಬೆಣಚುಕಲ್ಲಿನಲ್ಲಿ ಹೂತುಕೊಂಡು ನಿಂತಿವೆ. ಗಣಿಗಾರರ ಊರು ಈಗ ಹಕ್ಕಿ ನೋಡುವವರ ತಂಗುದಾಣ. ಚಳಿಗಾಲದಲ್ಲಿ ಮೇಲಿನ ಹಿಮಾಲಯದಿಂದ ಇಳಿದ ಬಿಳಿನೆತ್ತಿಯ ರೆಡ್‌ಸ್ಟಾರ್ಟ್ ಇಲ್ಲಿನ ಬಂಡೆಯಿಂದ ಬಂಡೆಗೆ ಹಾರುತ್ತಾ ಕೆಂಪು ಬಾಲ ಕುಣಿಸುತ್ತದೆ. ದಾಂಡೇಲಿಯಲ್ಲಿ ಕಾಣುವ ದೊಡ್ಡ ಮಂಗಟ್ಟೆ ಇಲ್ಲೂ ಉಂಟು; ಕಂದುಗೊರಳಿನ ಮಂಗಟ್ಟೆ ಮಾತ್ರ ದಕ್ಷಿಣದಲ್ಲಿ ಸಿಗದು, ಅದನ್ನು ನೋಡಲೆಂದೇ ಕೋಟೆಯಾಚೆಯ ಏರುಗಳಿಗೆ ಬರುವವರಿದ್ದಾರೆ. ರಾಜಾಭಾತ್‌ಖಾವಾದಲ್ಲಿ ರಣಹದ್ದುಗಳ ಸಂತಾನವೃದ್ಧಿ ಕೇಂದ್ರವಿದೆ. ಹೆಸರಿಗೆ ಕಾರಣವಾದ ಹುಲಿ ದಶಕಗಳ ಕಾಲ ಕ್ಯಾಮೆರಾಗೆ ಸಿಕ್ಕಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಸಿಕ್ಕಿತು.

ಮಳೆಗಾಲದಲ್ಲಿ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಕಾಡು ಪ್ರವಾಸಿಗರಿಗೆ ಮುಚ್ಚಿರುತ್ತದೆ. ಉಳಿದ ತಿಂಗಳುಗಳಲ್ಲಿ ದಾರಿ ತೋರುವವರು, ಮನೆಯಲ್ಲಿ ಉಳಿಸಿಕೊಂಡು ಊಟ ಹಾಕುವವರು ಹೆಚ್ಚಾಗಿ ಬೆಟ್ಟದ ಡುಕ್ಪಾ ಮನೆಗಳವರು ಮತ್ತು ಟಾಂಗ್ಯಾ ಕಾಲದ ವನಗ್ರಾಮಗಳವರು. ಮೀಸಲು ಪ್ರದೇಶದ ಕೆಲವು ಊರುಗಳನ್ನು ಹುಲಿಗಾಗಿ ಹೊರಗೆ ಸ್ಥಳಾಂತರಿಸುವ ಕೆಲಸವೂ ನಡೆದಿದೆ.